52 ಸೆಕೆಂಡ್ ನಿಲ್ಲುವುದು

ಆಗಸ್ಟ್ 15 ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮೈದಾನಗಳಲ್ಲಿ ಮಕ್ಕಳದ್ದೇ ಸಾಲು. ರಾಷ್ಟ್ರಗೀತೆಗೆ 52 ಸೆಕೆಂಡ್. ಕುವೆಂಪು ಬರೆದ ನಾಡಗೀತೆ ಮಾತ್ರ ಬಹುಕಾಲ ಹಾಡುವವರ ಮರ್ಜಿ. 2004ರಲ್ಲೇ ನಾಡಗೀತೆಯಾದರೂ ಅದರ ಧಾಟಿ, ಅವಧಿ ಗಟ್ಟಿಯಾದದ್ದು 2022ರಲ್ಲಿ: ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡ್. ಬಿಸಿಲಲ್ಲಿ ನಿಂತ ಒಂದನೇ ಕ್ಲಾಸಿನವರಿಗೆ ಇದು ಸಣ್ಣ ಉಪಕಾರವೇನಲ್ಲ!

ಈ ಸೀಮೆಗೆ ನಾಡಗೀತೆಯ ತೂಕವೇ ಬೇರೆ. ಸ್ವಾತಂತ್ರ್ಯ ಬಂದಾಗ ಬಳ್ಳಾರಿ ಜಿಲ್ಲೆಯ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮದ್ರಾಸಿನ ಆಡಳಿತದಲ್ಲಿದ್ದವು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದೇ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು.

ಇನ್ನು ಗೌರವದ ಮಾತು. ರಾಷ್ಟ್ರಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆ ಮೂರು ವರ್ಷದವರೆಗೆ ಜೈಲು ಎನ್ನುವುದು ರಾಷ್ಟ್ರಗೀತೆ ಹಾಡದಂತೆ ಬೇಕೆಂದೇ ತಡೆಯುವವರಿಗೆ, ಹಾಡುತ್ತಿರುವ ಸಭೆಗೆ ಅಡ್ಡಿ ಮಾಡುವವರಿಗೆ. ಬಾಯಿ ಬಿಡದೆ ನಿಂತವರ ತಂಟೆಗೆ ಅದು ಹೋಗಿಲ್ಲ. ಕೇರಳದ ಮೂವರು ಮಕ್ಕಳು ಧಾರ್ಮಿಕ ನಂಬಿಕೆಯಿಂದಾಗಿ ಹಾಡುತ್ತಿರಲಿಲ್ಲ, ಆದರೆ ಎಲ್ಲರೊಂದಿಗೆ ಎದ್ದು ನಿಲ್ಲುತ್ತಿದ್ದರು. ಅವರನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು 1986ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಸಿನಿಮಾ ಟಾಕೀಸಿನ ಕಥೆ ಇನ್ನೂ ಸ್ವಾರಸ್ಯ. 2016ರ ನವೆಂಬರ್‌ನಲ್ಲಿ ಅಲ್ಲಿ ರಾಷ್ಟ್ರಗೀತೆ ಕಡ್ಡಾಯ ಎಂದ ಅದೇ ಕೋರ್ಟ್, 2018ರ ಜನವರಿಯಲ್ಲಿ ಹಾಕುವುದು ಬಿಡುವುದು ಟಾಕೀಸಿನವರ ಇಷ್ಟ ಎಂದಿತು. ಹಾಕಿದರೆ ಮಾತ್ರ ಪ್ರೇಕ್ಷಕರು ಏಳಬೇಕು, ಅಂಗವಿಕಲರಿಗೆ ವಿನಾಯಿತಿ. ಗೀತೆ ಮುಗಿಯುವವರೆಗೂ ಪಕ್ಕದವನು ಎದ್ದನೋ ಇಲ್ಲವೋ ಎಂದು ಕಣ್ಣು ಹೊರಳಿಸುತ್ತಲೇ ಇರುವವರಿಗೆ ಮಾತ್ರ ಯಾವ ಕಲಮೂ ಅನ್ವಯಿಸುವುದಿಲ್ಲ.