ಕೀರ್ತಿ ಬಿಟ್ಟು ಕಲಿಯಲು ಹೋದ ಗವಾಯಿ

ರಾಜಶೇಖರ ಮನ್ಸೂರರು 2022ರಲ್ಲಿ ತೀರಿಕೊಂಡಾಗ, ಅವರ ತಂದೆ, ಹಿಂದೂಸ್ತಾನಿ ಗವಾಯಿ ಮಲ್ಲಿಕಾರ್ಜುನ ಮನ್ಸೂರರಿಂದ ಬಾಯಿಂದ ಬಾಯಿಗೆ ಬಂದ ತಾಲೀಮಿನ ದೊಡ್ಡ ಕೊಂಡಿಯೊಂದು ಕಳಚಿತು. ಕಾಡು, ಕಾರ್ಖಾನೆ, ಅಣೆಕಟ್ಟುಗಳ ನಮ್ಮ ಹಳಿಯಾಳ-ದಾಂಡೇಲಿ ಸೀಮೆಗೆ ಅದರಿಂದ ಆದ ನಷ್ಟವೇನು ಎಂದು ಈಗಿನ ಹುಡುಗರು ಕೇಳುತ್ತಾರೆ. ನಮ್ಮ ಪೀಳಿಗೆಗೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಹಳಿಯಾಳದವರಿಗೆ ಧಾರವಾಡವೆಂದರೆ ಕಾಲೇಜಿಗೆ, ದವಾಖಾನೆಗೆ, ಮದುವೆಯ ಜವಳಿಗೆ ಹೋಗುವ ಊರು. 1950ರ ಜನವರಿಯಲ್ಲಿ ಅಲ್ಲಿ ಆಕಾಶವಾಣಿ ಶುರುವಾದ ಮೇಲೆ ಆ ಊರೇ ನಮ್ಮ ಮನೆಗಳಿಗೆ ಬಂತು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ನಡೆಯತೊಡಗಿದ ಮೇಲೆ ಊರಿನ ಗಾಳಿಗೆ ಬೆಂದ ಬಿದಿರಿನ ತಿರುಳಿನದೊಂದು ವಾಸನೆ ಅಂಟಿಕೊಂಡಿತು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಇದ್ದವರಿಗೆ ಅದು ಊರಿನ ಉಸಿರು. ಆ ಗಾಳಿಯಲ್ಲೇ ರೇಡಿಯೋದಿಂದ ಮನ್ಸೂರರ ದನಿ ಕೇಳುತ್ತಿತ್ತು. ರಾಗದ ಹೆಸರು ಗೊತ್ತಿಲ್ಲದವರೂ ಅವರ ವಚನಗಳನ್ನು ಗುರುತು ಹಿಡಿಯುತ್ತಿದ್ದರು. ಇವತ್ತು ಹಾಡು ಎಷ್ಟು ಬೇಕಾದರೂ ಸಿಗುತ್ತದೆ. ಆದರೆ ಒಬ್ಬ ಗವಾಯಿ ಪಕ್ವವಾಗುವವರೆಗೆ ಕಾಯುವ ಸಮಾಜ ಕರಗಿಹೋಗಿದೆ, ಈ ಕಲೆಗೆ ಬಂದ ನಿಜವಾದ ಬಡತನ ಅದೇ ಎಂಬುದು ನನ್ನ ವಾದ.

ಅದಕ್ಕೆ ಮನ್ಸೂರರ ಬದುಕಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1910ರಲ್ಲಿ ಧಾರವಾಡದ ಪಶ್ಚಿಮಕ್ಕಿರುವ ಮನ್ಸೂರಿನಲ್ಲಿ ಹುಟ್ಟಿದ ಹುಡುಗ ನಾಟಕದ ರಂಗದಿಂದ ಸಂಗೀತಕ್ಕೆ ಬಂದ. ಅಪ್ಪಯ್ಯಸ್ವಾಮಿಗಳಿಂದ ಕರ್ನಾಟಕ ಸಂಗೀತ ಕಲಿತು, ಮಿರಜಿನಲ್ಲಿ ನೀಲಕಂಠಬುವಾ ಆಲೂರಮಠರ ಬಳಿ ಗ್ವಾಲಿಯರ್ ಘರಾಣೆಯ ತಾಲೀಮು ಪಡೆದ. ಇಪ್ಪತ್ತೈದು ತುಂಬುವ ಹೊತ್ತಿಗೆ ಗ್ರಾಮಫೋನ್ ತಟ್ಟೆಗಳು ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದವು. ಕೈಯಲ್ಲಿ ವಿದ್ಯೆಯಿತ್ತು, ಸಂಪಾದನೆಗೆ ದಾರಿಯಿತ್ತು. ಅಂಥ ಹೊತ್ತಿನಲ್ಲಿ, 1935ರ ಸುಮಾರಿಗೆ, ಅವರು ಮುಂಬಯಿಯಲ್ಲಿ ಉಸ್ತಾದ್ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಮುಂದೆ ಶಿಷ್ಯನಾಗಿ ಕುಳಿತರು. ಗೆದ್ದದ್ದನ್ನು ಬದಿಗಿಟ್ಟು, ಗೊತ್ತಿಲ್ಲದ್ದನ್ನು ಪಡೆಯುವ ವ್ಯಾಪಾರ ಅದು. ಲೆಕ್ಕ ಬಲ್ಲವರು ಯಾರೂ ಒಪ್ಪುವಂಥದ್ದಲ್ಲ. ಎರಡೇ ವರ್ಷದಲ್ಲಿ, 1937ರಲ್ಲಿ, ಮಂಜಿ ಖಾನರು ತೀರಿಕೊಂಡರು. ಮನ್ಸೂರರು ಹಿಂದೆ ಸರಿಯದೆ ಅವರ ತಮ್ಮ ಭೂರ್ಜಿ ಖಾನರಲ್ಲಿ ಕಲಿಕೆ ಮುಂದುವರಿಸಿದರು. ಸಂಪೂರ್ಣ ಮಾಲಕಂಸ, ಶುದ್ಧ ನಟ್, ಬಹಾದುರಿ ತೋಡಿಯಂಥ ಅಪರೂಪದ ರಾಗಗಳು ನಮಗೆ ಅವರ ಕಂಠದಲ್ಲಿ ಕೇಳಸಿಕ್ಕಿದ್ದು ಈ ವ್ಯಾಪಾರದ ಲಾಭವಾಗಿ. ದೇಶದ ಮನ್ನಣೆ ಮಾತ್ರ ನಿಧಾನಕ್ಕೆ ಬಂತು: 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, ತೀರಿಕೊಂಡ ವರ್ಷವಾದ 1992ರಲ್ಲಿ ಪದ್ಮವಿಭೂಷಣ.

ಈಗ ಜೊಯಿಡಾದ ಹಳ್ಳಿಯಲ್ಲಿ ಕುಳಿತ ಹುಡುಗಿಯೂ ಮೊಬೈಲಿನಲ್ಲಿ ಬೇಕಾದ ಉಸ್ತಾದರನ್ನು ಕೇಳಬಹುದು, ಹಾಗಿರುವಾಗ ಗುರುವಿನ ಮನೆಯ ಬಾಗಿಲು ಯಾಕೆ ಕಾಯಬೇಕು ಎಂದು ಕೇಳುವವರಿದ್ದಾರೆ. ಕೇಳುವ ಅವಕಾಶ ಬೆಳೆದದ್ದು ಸಂತೋಷವೇ. ಆದರೆ ಯಂತ್ರದಿಂದಲೇ ಕಲಿಯಬಹುದಾಗಿದ್ದರೆ, ಯಂತ್ರದಿಂದಲೇ ಹೆಸರು ಪಡೆದ ಮನ್ಸೂರರು ಮತ್ತೆ ಶಿಷ್ಯರಾಗುತ್ತಿರಲಿಲ್ಲ. ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷದ ರಾಗ ಹಿಡಿಯುತ್ತಿತ್ತು. ರಾಗ ಮೂರು ನಿಮಿಷಕ್ಕೆ ಮುಗಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಎಲ್ಲಿ ತಪ್ಪಿತು ಎಂದು ಆ ಗಳಿಗೆಯಲ್ಲೇ ತಡೆದು ಹೇಳುವ ಕಿವಿ ಎದುರಿಗಿದ್ದರೆ ಮಾತ್ರ ಸ್ವರ ತಿದ್ದಿಕೊಳ್ಳುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು, ಅದನ್ನು ಮರೆಮಾಚಬಾರದು. ಹಳೆಯ ಪದ್ಧತಿ ದಯೆಯದ್ದಾಗಿರಲಿಲ್ಲ. ಚೀಜುಗಳೆಂಬ ಹಾಡಿನ ರಚನೆಗಳನ್ನು ಮನೆತನದ ಆಸ್ತಿಯಂತೆ ಬಚ್ಚಿಡುತ್ತಿದ್ದರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿ ಹಾನಗಲ್ಲರು ಹೆಣ್ಣೆಂಬ ಕಾರಣಕ್ಕೆ, ಜಾತಿಯ ಕಾರಣಕ್ಕೆ ಬೀದಿಯಲ್ಲಿ ಮೂದಲಿಕೆ ಉಂಡರು. ನಮ್ಮ ನೆನಪಿಗೂ ಒಂದು ಕುರುಡಿದೆ. ಹಳಿಯಾಳ, ಮುಂಡಗೋಡದ ಸಿದ್ದಿಗಳ ಡಮಾಮಿಯ ಬಡಿತವನ್ನು ರೇಡಿಯೋದ ಮುಂದೆ ಕುಳಿತಿದ್ದ ನಾವು ಸಂಗೀತವೆಂದು ಎಣಿಸಲೇ ಇಲ್ಲ. ಆ ಕಾಲ ಹಾಗೆಯೇ ಮರಳಿ ಬರಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಬಚ್ಚಿಡುವುದನ್ನೂ ಮೂದಲಿಸುವುದನ್ನೂ ಬಿಡಬೇಕಾಗಿತ್ತು. ಜೊತೆಗೆ ಕಾಯುವುದನ್ನೂ ಬಿಟ್ಟೆವು. ಲಿಂಗಾಯತ ರೈತ ಮನೆಯ ಹುಡುಗನಿಗೆ ಮುಸಲ್ಮಾನ ಉಸ್ತಾದರು ತಮ್ಮ ವಿದ್ಯೆ ಧಾರೆಯೆರೆದದ್ದೂ ಆ ಕಾಲದಲ್ಲೇ ಎಂಬುದನ್ನು ಮರೆಯಬಾರದು.

ಈಗ ದಾಂಡೇಲಿಯ ಸುತ್ತಿನ ಕಾಡಿಗೆ ರೆಸಾರ್ಟುಗಳು ಬಂದಿವೆ, ವಾರದ ಕೊನೆಗೆ ಧ್ವನಿವರ್ಧಕಗಳು ಬರುತ್ತವೆ. ಉತ್ಸವಗಳಲ್ಲಿ ಗವಾಯಿಗೆ ಸಿಗುವುದು ಸನ್ಮಾನ, ಭಾಷಣಗಳು ಮುಗಿದು ಉಳಿದ ಸಮಯ. ಟೀವಿಯ ಸ್ಪರ್ಧೆ ಹತ್ತು ವರ್ಷದ ಮಗುವಿಗೆ ಎರಡು ನಿಮಿಷ ಹಾಡಿಸಿ ಪಟ್ಟ ಕಟ್ಟುತ್ತದೆ. ಇಂಥ ಅವಸರಕ್ಕೆ ಮನ್ಸೂರರಂಥವರು ಹುಟ್ಟಲಾರರು, ಹುಟ್ಟಿದರೂ ಪೇಟೆ ಅವರನ್ನು ಇಪ್ಪತ್ತೈದಕ್ಕೇ ಮಾರಿ ಮುಗಿಸುತ್ತದೆ. ರಾಜಶೇಖರರು ಇಂಗ್ಲಿಷ್ ಪ್ರಾಧ್ಯಾಪಕರ ಸಂಬಳದಲ್ಲಿ ಬದುಕಿ ತಂದೆಯ ವಿದ್ಯೆ ಕಾಪಾಡಿದರು. ಹೊಟ್ಟೆಪಾಡಿನ ಚಿಂತೆ ಇಲ್ಲದಿದ್ದರೆ ತಾಲೀಮು ಉಳಿಯುತ್ತದೆ ಎನ್ನುವುದಕ್ಕೆ ಅದೇ ಪುರಾವೆ. ಸ್ಮಾರಕ, ಪ್ರಶಸ್ತಿಗಳಿಗೆ ಸುರಿಯುವ ಹಣದಲ್ಲಿ ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳಿಗೆ ಒಬ್ಬೊಬ್ಬ ಸಂಗೀತ ಗುರುವನ್ನು ಹತ್ತು ವರ್ಷದ ಮಟ್ಟಿಗಾದರೂ ನೇಮಿಸಿ, ಫಲ ಎಲ್ಲಿ ಎಂದು ನಡುವೆ ಕೇಳದೆ ಇರಬೇಕು. ಕಲಿಯುವವರಲ್ಲಿ ಸಿದ್ದಿ ಮಕ್ಕಳೂ ಗೌಳಿ ಮಕ್ಕಳೂ ಇರಬೇಕು. ಅಷ್ಟು ಮಾಡದ ಊರಿಗೆ ಮನ್ಸೂರರನ್ನು ನಮ್ಮವರೆಂದು ಹೇಳಿಕೊಳ್ಳುವ ಹಕ್ಕಿಲ್ಲ.