ಕೆಂಚನ ಸಕ್ಕರೆ ಲೆಕ್ಕ

‘ಬೆಕ್ಕಿಗೂ ಸಕ್ಕರೆ ಕಾಯಿಲೆ ಬರ್ತದಾ ಅಮ್ಮಾ?’

ಮೀನು ತರುವ ಹೆಂಗಸು ಕೇಳಿದ್ದಾಳೆ, ಔಷಧಿ ಅಂಗಡಿಯ ಹುಡುಗ ಕೇಳಿದ್ದಾನೆ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕುಳಿತವರೂ ಕೇಳಿದ್ದಾರೆ. ಬರುತ್ತದೆ. ಬೆಕ್ಕಿಗೂ ಬರುತ್ತದೆ, ನಾಯಿಗೂ ಬರುತ್ತದೆ. ನಮ್ಮ ಮನೆಯ ಕೆಂಚನಿಗೆ ಬಂತು. ಐದು ತಿಂಗಳು ದಿನಕ್ಕೆರಡು ಸಲ ಅವನಿಗೆ ಇನ್ಸುಲಿನ್ ಚುಚ್ಚಿದವಳು ನಾನೇ. ಈ ಬರಹವನ್ನು ಓದುವ ಅಜ್ಜ-ಅಜ್ಜಿಯರಲ್ಲಿ ಅನೇಕರಿಗೆ ಇನ್ಸುಲಿನ್ ಗೊತ್ತಿರುತ್ತದೆ, ಮಕ್ಕಳಲ್ಲಿ ಅನೇಕರಿಗೆ ಬೆಕ್ಕು ಗೊತ್ತಿರುತ್ತದೆ. ಎರಡೂ ಒಂದೇ ಮನೆಯಲ್ಲಿ ಸೇರಿದರೆ ಏನಾಗುತ್ತದೆ ಎಂಬುದನ್ನು ಹೇಳುತ್ತೇನೆ.

ಗೋಕರ್ಣದಿಂದ ಓಂ ಬೀಚಿಗೆ ಹೋಗುವ ಗುಡ್ಡದ ದಾರಿಯಲ್ಲಿ ನಮ್ಮ ಮನೆ. ನಾನು ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಮ್ಮ ಮನೆಯವರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆಯಲ್ಲೇ ನಡೆದಿದೆ. ಏಳನೆಯ ತರಗತಿಯ ಮೊಮ್ಮಗ ನಮ್ಮ ಜೊತೆಗಿದ್ದಾನೆ. ನಾಲ್ಕನೆಯವನು ಕೆಂಚ. ಕೆಂಪು ಪಟ್ಟೆಯ ಗಂಡು ಬೆಕ್ಕು, ವಯಸ್ಸು ಹತ್ತು, ತೂಕ ಏಳು ಕಿಲೋ. ಸಾಧಾರಣ ಊರಬೆಕ್ಕು ನಾಲ್ಕು-ಐದು ಕಿಲೋ ಇದ್ದರೆ ಹೆಚ್ಚು. ಇವನು ಮನೆಯಲ್ಲಿ ಉಂಡು, ದಾರಿಯಲ್ಲಿ ಬೀಚಿಗೆ ಹೋಗುವವರ ಮುಂದೆ ಹೊಟ್ಟೆ ತೋರಿಸಿ ಬಿದ್ದುಕೊಂಡು ಬಿಸ್ಕತ್ತನ್ನೂ ಗಿಟ್ಟಿಸುತ್ತಿದ್ದ.

ಇಲ್ಲೊಂದು ತಮಾಷೆ ಇದೆ ಮಕ್ಕಳೇ. ಬೆಕ್ಕಿಗೆ ಸಿಹಿಯ ರುಚಿಯೇ ಗೊತ್ತಾಗುವುದಿಲ್ಲ. ಸಿಹಿಯನ್ನು ಗುರುತಿಸುವ ಒಂದು ಜೀನ್ ಬೆಕ್ಕಿನ ಜಾತಿಯಲ್ಲಿ ಕೆಟ್ಟುಹೋಗಿದೆ ಎಂದು ವಿಜ್ಞಾನಿಗಳು 2005ರಲ್ಲಿ ಕಂಡುಹಿಡಿದರು. ಹುಲಿಗೂ ಹಾಗೆಯೇ. ಕೆಂಚ ಬಿಸ್ಕತ್ತು ತಿನ್ನುತ್ತಿದ್ದದ್ದು ಅದರಲ್ಲಿನ ಬೆಣ್ಣೆ, ಹಾಲಿನ ವಾಸನೆಗೆ ಇರಬೇಕು. ಸಕ್ಕರೆ ತಿಂದದ್ದಕ್ಕೇ ಸಕ್ಕರೆ ಕಾಯಿಲೆ ಬಂತು ಎನ್ನುವ ಹಾಗೂ ಇಲ್ಲ. ಬೊಜ್ಜು, ವಯಸ್ಸು, ಓಡಾಟ ಕಡಿಮೆಯಾದದ್ದು, ಶಸ್ತ್ರಚಿಕಿತ್ಸೆಯಾದ ಗಂಡುಬೆಕ್ಕು ಆಗಿರುವುದು, ಇವೆಲ್ಲ ಸೇರಿದರೆ ಅಪಾಯ ಹೆಚ್ಚು. ಕೆಂಚನಲ್ಲಿ ಎಲ್ಲವೂ ಇದ್ದವು.

ದೀಪಾವಳಿಯ ಹೊತ್ತಿಗೆ ಅವನು ಬಚ್ಚಲಿನ ಬಾಲ್ದಿಗೆ ಬಾಯಿ ಹಾಕಿ ನೀರು ಕುಡಿಯತೊಡಗಿದ. ಮೊದಲು ದಿನಕ್ಕೊಮ್ಮೆ ಬಟ್ಟಲು ತುಂಬಿದರೆ ಸಾಕಿತ್ತು. ಈಗ ಮೂರು ಸಲ. ಉಚ್ಚೆಯೂ ಹಾಗೆಯೇ. ತಟ್ಟೆ ನೆಕ್ಕಿ ಮುಗಿಸುತ್ತಾನೆ, ಆದರೆ ಬೆನ್ನುಮೂಳೆ ಕೈಗೆ ಸಿಗುತ್ತದೆ. ಒಂದು ದಿನ ಮೊಮ್ಮಗ ಕರೆದು ತೋರಿಸಿದ: ‘ಅಜ್ಜಿ, ನೋಡು, ಇವ ಹೀಂಗೆ ಎಂತಕ್ಕೆ ನಡೀತಾನೆ?’ ಬೆಕ್ಕು ಬೆರಳ ತುದಿಯ ಮೇಲೆ ನಡೆಯುವ ಪ್ರಾಣಿ. ಕೆಂಚ ಹಿಂಗಾಲಿನ ಹಿಮ್ಮಡಿಯನ್ನೇ ನೆಲಕ್ಕೆ ಊರಿ ನಡೆಯುತ್ತಿದ್ದ. ಸಕ್ಕರೆ ಏರಿ ನರ ಸೊರಗಿದರೆ ಬೆಕ್ಕುಗಳಲ್ಲಿ ಹೀಗಾಗುತ್ತದೆ ಎಂದು ಆಮೇಲೆ ತಿಳಿಯಿತು. ಮರುದಿನವೇ ಬುಟ್ಟಿಯಲ್ಲಿ ಕೂರಿಸಿ ಕುಮಟಾಕ್ಕೆ ಒಯ್ದೆವು.

ರಕ್ತದಲ್ಲಿ ಸಕ್ಕರೆ 412. ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 412 ಮಿಲಿಗ್ರಾಂ ಗ್ಲೂಕೋಸ್. ಆರೋಗ್ಯವಂತ ಬೆಕ್ಕಿನಲ್ಲಿ ಇದು ಸುಮಾರು 80ರಿಂದ 120. ಪಶುವೈದ್ಯರು ಆ ಒಂದು ಸಂಖ್ಯೆಯನ್ನೇ ನಂಬಲಿಲ್ಲ. ಹೆದರಿದ ಬೆಕ್ಕಿನ ಸಕ್ಕರೆ ಆ ಹೆದರಿಕೆಗೇ 300 ದಾಟುವುದುಂಟಂತೆ. ಆದ್ದರಿಂದ ಉಚ್ಚೆಯನ್ನೂ ಪರೀಕ್ಷಿಸಿದರು. ಅದರಲ್ಲೂ ಸಕ್ಕರೆ ಇತ್ತು. ಬೇರೆ ರೋಗ ಸೇರಿಕೊಂಡಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು: ‘ದಿನಕ್ಕೆ ಎರಡು ಇಂಜೆಕ್ಷನ್, ಹನ್ನೆರಡು ಗಂಟೆಗೊಂದು. ಬಹುಶಃ ಜೀವನಪೂರ್ತಿ. ನಿಮ್ಮಿಂದ ಆಗ್ತದಾ ಯೋಚನೆ ಮಾಡಿ. ಆಗದಿದ್ದರೆ ಇದು ಹೆಚ್ಚು ದಿನ ಬದುಕೂದಿಲ್ಲ.’

ವಾಪಸು ಬರುವ ಮೂವತ್ತು ಕಿಲೋಮೀಟರ್ ದಾರಿಯಲ್ಲಿ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಇಬ್ಬರಿಗೂ ಎಪ್ಪತ್ತರ ಹತ್ತಿರ. ಇನ್ನು ಮುಂದೆ ಶಿರಸಿಯ ಮದುವೆಗೆ ಇಬ್ಬರೂ ಒಟ್ಟಿಗೆ ಹೋಗಿ ಉಳಿಯುವ ಹಾಗಿಲ್ಲ. ನನ್ನ ಕಣ್ಣಿಗೆ ಸಿರಿಂಜಿನ ಗೆರೆ ಕಾಣಬೇಕು, ಕೈ ನಡುಗಬಾರದು. ‘ಒಂದು ಬೆಕ್ಕಿಗೆ ಇಷ್ಟೆಲ್ಲ ಎಂತಕ್ಕೆ?’ ಎಂದು ಊರವರು ಕೇಳುವುದೂ ಖಂಡಿತ. ಗೋಕರ್ಣದ ಪೇಟೆ ಬಂದಾಗ ನಮ್ಮ ಮನೆಯವರು ಅಂದರು, ‘ನಂಗೆ ಕಾಯಿಲೆ ಬಂದಾಗ ಯಾರೂ ಯೋಚನೆ ಮಾಡಿ ಹೇಳ್ತೆ ಅನ್ನಲಿಲ್ಲ.’ ಅಲ್ಲಿಗೆ ತೀರ್ಮಾನವಾಯಿತು.

ಹೊತ್ತು ಬೆಳಿಗ್ಗೆ ಆರೂವರೆ, ಸಂಜೆ ಆರೂವರೆ. ಮೊಮ್ಮಗ ಹೇಳಿದ, ‘ಸೂರ್ಯ ಮುಳುಗೂದು ನೋಡಿ ಕೊಟ್ರೆ ಆಯ್ತಲ್ಲ ಅಜ್ಜಿ, ಮರೆಯೂದೇ ಇಲ್ಲ.’ ಓಂ ಬೀಚಿನ ಜನರಿಗೆ ಅದೇ ದೊಡ್ಡ ಗಡಿಯಾರ. ಆದರೆ ನಮ್ಮಲ್ಲಿ ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಲೇ ಮುಳುಗುವ ಸೂರ್ಯ ಜೂನ್ ಕೊನೆಗೆ ಏಳರವರೆಗೂ ಇರುತ್ತಾನೆ. ಒಂದು ಗಂಟೆಯ ವ್ಯತ್ಯಾಸ. ಇನ್ಸುಲಿನ್ನಿಗೆ ಅಂದಾಜು ನಡೆಯುವುದಿಲ್ಲ ಎಂಬ ಮೊದಲ ಪಾಠ ಹೀಗೆ ಶುರುವಾಯಿತು. ಅಡುಗೆಯಲ್ಲಿ ನಾವು ಒಂದು ಚಿಟಿಕೆ, ಒಂದು ಹಿಡಿ ಎನ್ನುತ್ತೇವೆ, ಸಾರು ಕೆಡುವುದಿಲ್ಲ. ಇಲ್ಲಿ ಚಿಟಿಕೆ ಇಲ್ಲ.

ಎರಡನೆಯ ಪಾಠ ಸಿರಿಂಜಿನದು. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಬಲದಲ್ಲಿ ಸಿಗುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಸಿರಿಂಜೂ ಎರಡು ಬಗೆ. ಸಾಮಾನ್ಯವಾಗಿ ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಕೆಂಚನದು 100ರ ಇನ್ಸುಲಿನ್. ಅದನ್ನು 40ರ ಸಿರಿಂಜಿನಲ್ಲಿ 1 ಎಂಬ ಗೆರೆಯವರೆಗೆ ಎಳೆದರೆ ಏನಾಗುತ್ತದೆ? ಮೊಮ್ಮಗನಿಗೆ ಲೆಕ್ಕ ಕೊಟ್ಟೆ. 40ರ ಸಿರಿಂಜಿನ ಒಂದು ಗೆರೆ ಎಂದರೆ 1 ಮಿಲಿಲೀಟರಿನ 40ನೇ ಒಂದು ಭಾಗ, 0.025. ಅದನ್ನು 100ರಿಂದ ಗುಣಿಸಿದರೆ 2.5 ಯೂನಿಟ್. ಒಂದು ಕೊಡಬೇಕಾದಲ್ಲಿ ಎರಡೂವರೆ! ಅವನು ಉತ್ತರ ಬರೆದು ಪೆನ್ಸಿಲ್ ಇಟ್ಟು, ಫ್ರಿಜ್ಜಿನ ಬಾಗಿಲಿಗೆ ‘ಕಿತ್ತಳೆ ಮಾತ್ರ’ ಎಂದು ಚೀಟಿ ಅಂಟಿಸಿ ಬಂದ.

ಕೆಂಚನಿಗೆ ಡಾಕ್ಟರು ಬರೆದದ್ದು ಒಂದೇ ಯೂನಿಟ್. ಅದು ಒಂದು ಹನಿಯ ಸುಮಾರು ಐದನೇ ಒಂದು ಪಾಲು. ಅಷ್ಟರಿಂದ ಒಂದು ಜೀವ ಉಳಿಯುತ್ತದೆ. ಅದರ ನಾಲ್ಕೈದು ಪಟ್ಟು ಹೋದರೆ ಜೀವಕ್ಕೇ ಅಪಾಯ.

ಚುಚ್ಚುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ತಟ್ಟೆಯಲ್ಲಿ ಬೇಯಿಸಿದ ಮೀನಿಟ್ಟು, ಅವನು ತಿನ್ನುವಾಗ ಪಕ್ಕೆಯ ಸಡಿಲ ಚರ್ಮವನ್ನು ಡೇರೆಯ ಹಾಗೆ ಎತ್ತಿ ಹಿಡಿದು ಸೂಜಿ ಹಾಕುವುದು. ಕೂದಲಿನಷ್ಟು ಸಪೂರ ಸೂಜಿ. ತಾರ್ಲೆ ಮೀನಿನಿಂದ ಅವನು ತಲೆ ಎತ್ತುತ್ತಿರಲಿಲ್ಲ. ಊಟವೂ ಬದಲಾಗಿತ್ತು. ಅನ್ನ, ಹಾಲು, ಬಿಸ್ಕತ್ತು ಬಂದ್. ಮುಳ್ಳು ತೆಗೆದ ಮೀನು, ಕೋಳಿ, ಜೊತೆಗೆ ಡಾಕ್ಟರು ಹೇಳಿದ ಬೆಕ್ಕಿನ ಆಹಾರ. ಬೆಕ್ಕಿಗೆ ಮಾಂಸವೇ ಊಟ. ಗೇಟಿಗೆ ಒಂದು ಹಲಗೆ ತೂಗುಹಾಕಿದೆವು: ‘ಈ ಬೆಕ್ಕಿಗೆ ಏನೂ ಕೊಡಬೇಡಿ, ಔಷಧಿ ನಡೆಯುತ್ತಿದೆ.’

ಕಷ್ಟವಾದದ್ದು ರಕ್ತ ನೋಡುವುದು. ಮನುಷ್ಯರಿಗೆ ಬೆರಳಾದರೆ ಬೆಕ್ಕಿಗೆ ಕಿವಿಯ ಅಂಚು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕಿವಿ ಬೆಚ್ಚಗೆ ಮಾಡಿ, ಹಿಂದೆ ಹತ್ತಿ ಇಟ್ಟು, ಅಂಚಿಗೆ ಸೂಜಿ ತಾಗಿಸಿದರೆ ಸಾಸಿವೆಯಷ್ಟು ರಕ್ತ ಬರುತ್ತದೆ. ಮೊದಲ ವಾರ ಅವನು ತಲೆ ಕೊಡವಿ ಗೋಡೆಗೆಲ್ಲ ಚುಕ್ಕೆ ಹಾರಿಸಿದ. ಆಮೇಲೆ ಪರೀಕ್ಷೆ ಮುಗಿದೊಡನೆ ಒಂದು ಚೂರು ಸಿಗಡಿ ಎಂದು ಗೊತ್ತಾದ ಮೇಲೆ ತಾನೇ ಬಂದು ಮಣೆಯ ಮೇಲೆ ಕೂರುತ್ತಿದ್ದ. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸ್ವಲ್ಪ ಕಡಿಮೆ ತೋರಿಸುವುದುಂಟು. ಆದ್ದರಿಂದ ಯಾವ ಮೀಟರ್ ಎಂದು ಡಾಕ್ಟರಿಗೆ ಹೇಳಿ, ಯಾವಾಗಲೂ ಅದನ್ನೇ ಬಳಸಿದೆವು. ಮೊಮ್ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ: ತಾರೀಕು, ಹೊತ್ತು, ಸಕ್ಕರೆ, ಯೂನಿಟ್, ಎಷ್ಟು ತಿಂದ, ಎಷ್ಟು ನೀರು. ಬರೆಯುವ ಕೆಲಸ ಅವನದು. ಬಳಸಿದ ಸೂಜಿಗಳೆಲ್ಲ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ. ಜನ ಬರಿಗಾಲಲ್ಲಿ ತಿರುಗುವ ಊರು ನಮ್ಮದು. ಡಬ್ಬಿ ತುಂಬಿದಾಗ ಮುಚ್ಚಳ ಬಿಗಿದು ಆಸ್ಪತ್ರೆಗೇ ಒಪ್ಪಿಸುತ್ತಿದ್ದೆವು.

ಸಂಖ್ಯೆಗಳು ನಿಧಾನಕ್ಕೆ ಇಳಿದವು. 380, 340, 310. ಡಾಕ್ಟರು ಎರಡು ಯೂನಿಟ್ ಮಾಡಿದರು. 260, 220. ಸಂಕ್ರಾಂತಿಯ ಹೊತ್ತಿಗೆ ಅವನು ಮತ್ತೆ ಬೆರಳ ಮೇಲೆ ನಡೆದ.

ಶಿವರಾತ್ರಿ ಬಂತು. ಗೋಕರ್ಣದ ಶಿವರಾತ್ರಿ ಎಂದರೆ ಗೊತ್ತಲ್ಲ, ರಸ್ತೆಯಲ್ಲಿ ಜನವೋ ಜನ, ಗಾಡಿ ಅಲ್ಲಾಡುವುದಿಲ್ಲ. ಸಂಜೆ ಆರೂಕಾಲಕ್ಕೆ ಎಂದಿನಂತೆ ಕಿವಿ ಚುಚ್ಚಿದೆ. ಮೀಟರಿನಲ್ಲಿ 84.

ಮೊಮ್ಮಗ ಕುಣಿದ, ‘ಅಜ್ಜಿ, ನಾರ್ಮಲ್!’ ನಮ್ಮ ಮನೆಯವರು ಗಡಿಯಾರ ನೋಡಿ, ‘ಹೊತ್ತಾಯ್ತು, ಹಾಕು’ ಎಂದರು. ಸಿರಿಂಜಿನಲ್ಲಿ ಎರಡು ಯೂನಿಟ್ ತಯಾರಿತ್ತು. ನನ್ನ ಎದೆ ಮಾತ್ರ ಡವಡವ ಎನ್ನುತ್ತಿತ್ತು. ಇನ್ಸುಲಿನ್ ಹಾಕುವ ಮುಂಚೆಯೇ 84 ಇದ್ದರೆ, ಹಾಕಿದ ಮೇಲೆ ಅದು ಎಲ್ಲಿಗೆ ಇಳಿಯಬೇಕು? 60ಕ್ಕಿಂತ ಕೆಳಗೆ ಹೋದರೆ ಬೆಕ್ಕು ತೂರಾಡುತ್ತದೆ, ಸೆಟೆದು ನಡುಗುತ್ತದೆ, ಎಚ್ಚರ ತಪ್ಪುತ್ತದೆ. ಕುಮಟಾಕ್ಕೆ ಓಡೋಣವೆಂದರೆ ಆ ರಾತ್ರಿ ದಾರಿಯೇ ಇಲ್ಲ. ಗಡಿಯಾರ ಹಾಕು ಎನ್ನುತ್ತದೆ, ಮೀಟರ್ ಬೇಡ ಎನ್ನುತ್ತದೆ. ಸಿರಿಂಜ್ ಕೆಳಗಿಟ್ಟು ಡಾಕ್ಟರಿಗೆ ಫೋನ್ ಮಾಡಿದೆ.

‘ಹಾಕಲೇ ಬೇಡಿ’ ಎಂದರು ಅವರು. ‘ಊಟ ಕೊಡಿ, ಎರಡು ಗಂಟೆ ಬಿಟ್ಟು ಮತ್ತೆ ನೋಡಿ. ಜೇನುತುಪ್ಪ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ತೂರಾಡಿದರೆ ಒಸಡಿಗೆ ಸವರಿ, ಗಂಟಲಿಗೆ ಸುರಿಯಬೇಡಿ. ಕೂಡಲೇ ನನಗೆ ಫೋನ್ ಮಾಡಿ.’

ಆ ರಾತ್ರಿ ನಮ್ಮ ಮನೆಯಲ್ಲಿ ನಿಜವಾದ ಜಾಗರಣೆ. ಎಂಟೂವರೆಗೆ 102. ಹತ್ತೂವರೆಗೆ 118. ಒಂದು ಗಂಟೆಗೆ 131. ಪ್ರತಿಯೊಂದನ್ನೂ ಮೊಮ್ಮಗ ಬರೆದ, ಕೊನೆಯದನ್ನು ಬರೆದು ನೋಟ್‌ಬುಕ್ಕಿನ ಮೇಲೆಯೇ ನಿದ್ದೆ ಹೋದ. ಜೇನುತುಪ್ಪದ ಬಾಟಲಿ ಮುಚ್ಚಳ ತೆಗೆಯದೆ ಹಾಗೆಯೇ ಉಳಿಯಿತು. ಕೆಂಚ ಮಾತ್ರ, ಇಷ್ಟು ಸಿಗಡಿ ಒಂದೇ ರಾತ್ರಿ ಯಾಕೆ ಸಿಗುತ್ತಿದೆ ಎಂದು ಕೇಳದೆ ತಿಂದ.

ಮರುದಿನ ಡಾಕ್ಟರು ಒಂದು ಹೊಸ ವಿಷಯ ಹೇಳಿದರು. ಕೆಲವು ಬೆಕ್ಕುಗಳಲ್ಲಿ ಬೇಗ ಚಿಕಿತ್ಸೆ, ಸರಿಯಾದ ಊಟ ಸಿಕ್ಕಿ ತೂಕ ಇಳಿದರೆ ಮೇದೋಜೀರಕ ಗ್ರಂಥಿ ಚೇತರಿಸಿಕೊಂಡು ತಾನೇ ಇನ್ಸುಲಿನ್ ಕೊಡತೊಡಗುತ್ತದೆ. ಒಳಗಿನದೂ ಹೊರಗಿನದೂ ಸೇರಿದರೆ ಆಗಲೇ ಅಪಾಯ. ಆದ್ದರಿಂದಲೇ ಚುಚ್ಚುವ ಮೊದಲು ಅಳೆಯಬೇಕು. ಯೂನಿಟ್ ಒಂದಕ್ಕೆ ಇಳಿಯಿತು, ಆಮೇಲೆ ಅರ್ಧಕ್ಕೆ. ಯುಗಾದಿ ಕಳೆದು ಕೆಲವು ದಿನಕ್ಕೆ ಪೂರ್ತಿ ನಿಂತಿತು. ‘ಗುಣವಾಯ್ತು ಅಂತ ತಿಳಿಯಬೇಡಿ, ಮತ್ತೆ ಬರಬಹುದು’ ಎಂದೂ ಎಚ್ಚರಿಸಿದ್ದಾರೆ.

ಇನ್ಸುಲಿನ್ ಎಂಬುದು ಯಾವಾಗಲೂ ಇತ್ತು ಎಂದು ಮಕ್ಕಳು ತಿಳಿಯಬಾರದು. ಕೆನಡಾದ ಟೊರೊಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ 1921ರಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ ಅದನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಕೊಟ್ಟರು. ಅದಕ್ಕೆ ಮೊದಲು ಅಂಥ ಮಕ್ಕಳು ಬದುಕುತ್ತಿರಲಿಲ್ಲ. ಬಹಳ ಕಾಲ ದನ ಮತ್ತು ಹಂದಿಯ ಗ್ರಂಥಿಯಿಂದ ತೆಗೆದ ಇನ್ಸುಲಿನ್ನೇ ಮನುಷ್ಯರನ್ನು ಕಾಪಾಡಿತು. ಪ್ರಾಣಿಗಳಿಂದ ನಮಗೆ ಬಂದ ಔಷಧಿ, ನಮ್ಮಿಂದ ಒಂದು ಬೆಕ್ಕಿಗೆ ಹೋಯಿತು. ‘ಒಂದು ಬೆಕ್ಕಿಗೆ ಇಷ್ಟೆಲ್ಲ ಎಂತಕ್ಕೆ’ ಎಂದವರಿಗೆ ನಾನು ಈ ಕಥೆ ಹೇಳುತ್ತೇನೆ.

ನಿಮ್ಮ ಮನೆಯ ಬೆಕ್ಕು ಇದ್ದಕ್ಕಿದ್ದಂತೆ ಹೆಚ್ಚು ನೀರು ಕುಡಿದರೆ, ಉಂಡೂ ಸೊರಗಿದರೆ, ಹಿಮ್ಮಡಿ ಊರಿ ನಡೆದರೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಅಜ್ಜನ ಮಾತ್ರೆಯನ್ನಾಗಲಿ ಅಜ್ಜಿಯ ಇನ್ಸುಲಿನ್ನನ್ನಾಗಲಿ ನೀವೇ ಕೊಡಬೇಡಿ.

ಈಗ ಕೆಂಚನ ಕಿವಿ ನೋಡುವುದು ಭಾನುವಾರ ಮಾತ್ರ. ಕಳೆದ ವಾರ 109, ತೂಕ ಐದು ಕಿಲೋ ಇನ್ನೂರು ಗ್ರಾಂ. ನೋಟ್‌ಬುಕ್ಕಿನಲ್ಲಿ ಮೊಮ್ಮಗ ಇನ್ನೊಂದು ಗೆರೆ ಎಳೆದು ‘ಅಜ್ಜ’ ಎಂದು ಬರೆದಿದ್ದಾನೆ. ಮೂರು ತಿಂಗಳಿಗೊಮ್ಮೆ ನೋಡಿಸಿದರೆ ಸಾಕೆಂದು ವಾದಿಸುತ್ತಿದ್ದವರು ಈಗ ಭಾನುವಾರ ಬೆಳಿಗ್ಗೆ ಕೆಂಚನ ಹಿಂದೆ ಸರದಿಯಲ್ಲಿ ಬೆರಳು ಚಾಚಿ ಕೂರುತ್ತಾರೆ. ಸಿಗಡಿ ಮಾತ್ರ ಒಬ್ಬನಿಗೇ.