ಎದುರುಗಾಳಿ ಮತ್ತು ಟ್ಯೂಲಿಪ್

ಹಾಲೆಂಡ್ ದೇಶವು ಅಂಗೈಯಂತೆ ಸಮತಟ್ಟಾಗಿದೆಯೆಂದೂ, ಅಲ್ಲಿ ಸೈಕಲ್ಲು ತುಳಿಯುವುದು ಮಕ್ಕಳಾಟವೆಂದೂ ನಂಬಿದವರು ಅಲ್ಲಿನ ಗಾಳಿಯನ್ನು ಕಂಡವರಲ್ಲ. ದಿಣ್ಣೆಯಿಲ್ಲದ ನಾಡಿನಲ್ಲಿ ಗಾಳಿಯೇ ದಿಣ್ಣೆ. ಏಪ್ರಿಲ್ ತಿಂಗಳಲ್ಲಿ ಹಾರ್ಲೆಮ್ ನಗರದಿಂದ ಲೈಡನ್ನಿನವರೆಗೆ, ಸುಮಾರು 30 ಕಿಲೋಮೀಟರಿನ ಹೂಗೆಡ್ಡೆಯ ಸೀಮೆಯಲ್ಲಿ ಗುಂಪುಗೂಡಿ ಹೊರಡುವವರು ನೈಋತ್ಯಕ್ಕೆ ಮುಖಮಾಡಿ ಸಾಗಬೇಕು. ಗಾಳಿ ಹೆಚ್ಚಾಗಿ ಬೀಸುವುದೂ ಆ ದಿಕ್ಕಿನಿಂದಲೇ. ಆದುದರಿಂದ ಬಲವುಳ್ಳವರು ಸರದಿಯ ಮೇಲೆ ಮುಂದೆ ನಿಂತು ಗಾಳಿಯ ಪೆಟ್ಟನ್ನು ತಿನ್ನುತ್ತಾರೆ. ಉಳಿದವರು ಅವರ ಬೆನ್ನಿನ ಮರೆಯಲ್ಲಿ ಸಾಗುತ್ತಾರೆ.

ಮಗನ ಮನೆಗೆಂದು ಬೆಂಗಳೂರಿನಿಂದ ಬಂದಿದ್ದ ವೃದ್ಧ ದಂಪತಿಗಳು ಇಂಥದೊಂದು ಗುಂಪಿನಲ್ಲಿ ಸೇರಿಕೊಂಡರು. ಆತನಿಗೆ ಮೊದಲ ಅರ್ಧ ಗಂಟೆ ಸಂಕಟವೇ ಆಯಿತು. ಅಲ್ಲಿನ ಅನೇಕ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು ಬೀಳುತ್ತದೆ. ಚಾಮರಾಜಪೇಟೆಯಲ್ಲಿ ಸೈಕಲ್ಲು ಕಲಿತ ಕಾಲು ಸುಮ್ಮನಿದ್ದೀತೆ? "ಅಪ್ಪಾ, ಹಿಂದಕ್ಕೆ ತುಳಿಯಬೇಡಿ!" ಎಂದು ಮಗ ಕೂಗುವಷ್ಟರಲ್ಲಿ ಗಾಡಿ ಗಕ್ಕನೆ ನಿಂತಿರುತ್ತಿತ್ತು. ಆಕೆ ಮಾತ್ರ ಹಿಂದಿರುಗಿ ನೋಡದೆ ಮುಂದೆ ಸಾಗಿದ್ದರು.

ಲಿಸ್ಸೆ ಊರಿನ ಸಮೀಪದಲ್ಲಿ ಹೊಲಗಳು ಕಣ್ತುಂಬ ತೆರೆದುಕೊಳ್ಳುತ್ತವೆ. ಕಡಲ ದಿಬ್ಬಗಳ ಹಿಂದಿನ ಮರಳು ಮಣ್ಣು. ನೀರು ನಿಲ್ಲದಂತೆ ತೋಡಿದ ಕಾಲುವೆಗಳು. ನಡುವೆ ಕೆಂಪು, ಹಳದಿ, ನೇರಿಳೆಯ ಉದ್ದುದ್ದ ಪಟ್ಟಿಗಳು, ಇಳಕಲ್ ಸೀರೆಗಳನ್ನು ಒಣಹಾಕಿದಂತೆ! ಹಯಸಿಂತ್ ಹೂವಿನ ಕಂಪು ಹೊಲಕ್ಕೆ ಮುಂಚೆಯೇ ಬಂದು ಮೂಗನ್ನು ಮುಟ್ಟುತ್ತದೆ. ಟ್ಯೂಲಿಪ್ಪಿಗಾದರೋ ಹೇಳಿಕೊಳ್ಳುವಂಥ ಪರಿಮಳವಿಲ್ಲ. "ಮಾಲೆ ಕಟ್ಟುವುದಕ್ಕೂ ಬಾರದು, ಮುಡಿಯುವುದಕ್ಕೂ ಬಾರದು; ಇದೆಂಥ ಹೂವಪ್ಪ!" ಎಂದು ಆಕೆ ಉದ್ಗರಿಸಿದ್ದು ಸಹಜವೇ.

ಆದರೆ ರೈತನಿಗೆ ಬೇಕಾದುದು ಹೂವಲ್ಲ, ಗೆಡ್ಡೆ. ಅರಳಿದ ಹೂಗಳಲ್ಲಿ ರೋಗದ ಗುರುತನ್ನು ಪರೀಕ್ಷಿಸಿದ ಮೇಲೆ ಅವುಗಳ ತಲೆಯನ್ನೇ ಯಂತ್ರದಿಂದ ಕತ್ತರಿಸಿಬಿಡುತ್ತಾರೆ. ಬೀಜಕ್ಕೆ ಹೋಗಬೇಕಾದ ಸತ್ವವೆಲ್ಲ ಆಗ ಗೆಡ್ಡೆಗೆ ಇಳಿಯುತ್ತದೆ. 1630ರ ದಶಕದಲ್ಲಿ ಜನ ಮರುಳಾಗಿ ಮನೆಯ ಬೆಲೆ ತೆತ್ತದ್ದು ಗೆರೆಗೆರೆಯ ಟ್ಯೂಲಿಪ್ಪಿಗೆ. 1637ರ ಫೆಬ್ರವರಿಯಲ್ಲಿ ಆ ವ್ಯಾಪಾರ ಕುಸಿಯತೊಡಗಿದ್ದು ಹಾರ್ಲೆಮ್ಮಿನಲ್ಲಿಯೇ. ಆ ಗೆರೆಗಳು ಸಸ್ಯಹೇನು ಹರಡುವ ವೈರಸ್ಸಿನ ಫಲವೆಂದು 20ನೆಯ ಶತಮಾನದಲ್ಲಿ ತಿಳಿಯಿತು. ಅಂಥ ರೋಗದ ಗಿಡ ಕಂಡರೆ ಇಂದು ಕಿತ್ತೆಸೆಯುತ್ತಾರೆ.

ಪಟ್ಟಿಗಳ ನಡುವೆ ಬಿದ್ದಿದ್ದ ಹೂದಲೆಗಳ ರಾಶಿಯನ್ನು ಕಂಡು ಆಕೆ ಸೈಕಲ್ಲಿನಿಂದ ಇಳಿದೇಬಿಟ್ಟರು.

"ದೇವರಿಗಾದರೂ ಏರಿಸಬಾರದಿತ್ತೆ?"

ಗುಂಪಿನಲ್ಲಿದ್ದ ಡಚ್ ವೃದ್ಧೆಯೊಬ್ಬರಿಗೆ ಮಗ ಇದನ್ನು ತಿಳಿಯಹೇಳಿದ. ಆಕೆ ನಕ್ಕು, "ನಮ್ಮ ತಾಯಿ ಗೆಡ್ಡೆಯನ್ನೇ ತಿಂದಿದ್ದರು" ಎಂದರು.

ಅದು 1944-45ರ ಚಳಿಗಾಲದ ಮಾತು. ಜರ್ಮನರ ಆಕ್ರಮಣದಲ್ಲಿದ್ದ ಪಶ್ಚಿಮ ಹಾಲೆಂಡಿಗೆ ಆಹಾರ ಬರುವುದು ನಿಂತಿತು. ಸುಮಾರು 20,000 ಜನ ಹಸಿವಿನಿಂದ ಸತ್ತರು. ನೆಡದೆ ಉಳಿದಿದ್ದ ಟ್ಯೂಲಿಪ್ ಗೆಡ್ಡೆಗಳ ನಡುವಿನ ಮೊಳಕೆಯನ್ನು ತೆಗೆದು, ಬೇಯಿಸಿ ತಿಂದರು. ಪಟ್ಟಣದ ಹೆಂಗಸರು ಟೈರಿಲ್ಲದ ಸೈಕಲ್ಲುಗಳ ಮೇಲೆ ಹಾಸುಬಟ್ಟೆ, ಒಡವೆಗಳನ್ನು ಹೇರಿಕೊಂಡು, ಹಳ್ಳಿಹಳ್ಳಿ ಅಲೆದು, ಆಲೂಗಡ್ಡೆಗೆ ವಿನಿಮಯ ಮಾಡಿಕೊಂಡು ಬರುತ್ತಿದ್ದರು. ಅದೂ ಗುಂಪು ಸವಾರಿಯೇ; ದೃಶ್ಯ ನೋಡುವುದಕ್ಕೆ ಹೊರಟದ್ದಲ್ಲ, ಅಷ್ಟೆ.

ಬೆಂಗಳೂರಿನ ಆಕೆ ಮತ್ತೇನೂ ಕೇಳಲಿಲ್ಲ. ಹೊಲಕ್ಕೆ ಕಾಲಿಡಬಾರದೆಂಬ ಫಲಕವಿತ್ತು. ಪಾದರಕ್ಷೆಯ ಮಣ್ಣಿನೊಡನೆ ರೋಗವೂ ಒಳಹೊಗಬಹುದಲ್ಲವೆ? ಮುಂದೆ ರಸ್ತೆಯ ಮಗ್ಗುಲಲ್ಲಿ ಕಾಯುವವರಿಲ್ಲದ ಹೂವಿನಂಗಡಿ. ಪಕ್ಕದಲ್ಲಿ ಹಣದ ಡಬ್ಬಿ. ನಾಣ್ಯಗಳನ್ನು ಎಣಿಸಿ ಹಾಕಿ, ಕೆಂಪು ಟ್ಯೂಲಿಪ್ಪಿನ ಒಂದು ಕಟ್ಟನ್ನು ತೆಗೆದು ಡಚ್ ವೃದ್ಧೆಯ ಬುಟ್ಟಿಯಲ್ಲಿಟ್ಟರು. ಲೈಡನ್ನು ಇನ್ನೂ ದೂರವಿತ್ತು. ಮುಂದೆ ನಿಲ್ಲುವ ಸರದಿ ಈಗ ಮಗನದು.